ಮಾದರಿ ರೈಲಿಗೆ ಅಲುಗದ ಅಡಿಗಟ್ಟು: ಎಲ್ ತೊಲೆ ಪದ್ಧತಿಯಲ್ಲಿ ಕಟ್ಟುವ ಬಗೆ

ಡಬ್ಬಿಯೊಂದು ಒಂದೇ ಜಾಗದಲ್ಲಿ ಪದೇ ಪದೇ ಹಳಿ ತಪ್ಪುತ್ತಿದ್ದರೆ ಎಲ್ಲರೂ ಮೊದಲು ಚಕ್ರ ನೋಡುತ್ತಾರೆ, ಆಮೇಲೆ ಹಳಿಯ ಸಂದು, ಆಮೇಲೆ ಹಳಿ ಕವಲೊಡೆಯುವ ಪಾಯಿಂಟ್. ಇದನ್ನೆಲ್ಲ ಹೊತ್ತು ನಿಂತ ಮರದ ಅಡಿಗಟ್ಟಿನ ಮೇಲೆ ಅನುಮಾನ ಬರುವ ಹೊತ್ತಿಗೆ ಗುಡ್ಡ, ಸೇತುವೆ, ನಿಲ್ದಾಣವೆಲ್ಲ ಮೇಲೆ ಕೂತಾಗಿರುತ್ತದೆ. ಬಿಚ್ಚುವ ಮನಸ್ಸು ಯಾರಿಗೂ ಇರುವುದಿಲ್ಲ. ಎಚ್‌ಓ ಸ್ಕೇಲಿನಲ್ಲಿ (ಅಸಲಿ ರೈಲಿನ 87ನೇ ಒಂದು ಭಾಗದ ಅಳತೆ) ಚಕ್ರದ ಅಂಚು ಹಳಿಯ ತಲೆಯಿಂದ ಕೆಳಗೆ ಇಳಿಯುವುದು ಸುಮಾರು 0.6 ಮಿ.ಮೀ. ಅಷ್ಟೇ. ಹಲಗೆಯ ಸಂದಿನಲ್ಲಿ 1 ಮಿ.ಮೀ. ಮೆಟ್ಟಿಲು ಬಿದ್ದರೂ ಆ ಅಂಚಿನ ಹಿಡಿತ ತಪ್ಪುತ್ತದೆ.

ರೈಲಿನ ತೂಕದ ಚಿಂತೆ ಬೇಡ. ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘವಾದ ಎನ್‌ಎಂಆರ್‌ಎ ಶಿಫಾರಸಿನಂತೆ 150 ಮಿ.ಮೀ. ಉದ್ದದ ಎಚ್‌ಓ ಡಬ್ಬಿ ಸುಮಾರು 113 ಗ್ರಾಂ ತೂಗಬೇಕು. ಅಂಥ 20 ಡಬ್ಬಿ ಸೇರಿದರೂ ಎರಡೂಕಾಲು ಕಿಲೋ ಆಸುಪಾಸು. ಅಡಿಗಟ್ಟಿಗೆ ನಿಜವಾದ ಪರೀಕ್ಷೆ ಬರುವುದು ಹಿಂದಿನ ಸಾಲಿನಲ್ಲಿ ಬಿದ್ದ ಡಬ್ಬಿ ಎತ್ತಲು ಯಾರಾದರೂ ಮುಂದಿನ ಅಂಚಿಗೆ ಮೊಣಕೈ ಊರಿ ಬಾಗಿದಾಗ. ಇನ್ನೊಂದು ಪರೀಕ್ಷೆ ಮಳೆಗಾಲ, ಬೇಸಿಗೆಗಳದ್ದು: ಮರ ತೇವ ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಈ ಎರಡನ್ನೂ ತಡೆದುಕೊಳ್ಳುವ ಕಟ್ಟು ರೈಲನ್ನು ತಾನಾಗಿ ತಡೆಯುತ್ತದೆ.

ದಪ್ಪಕ್ಕಿಂತ ಎತ್ತರ ಮುಖ್ಯ

ಗಟ್ಟಿಯಾಗಲಿ ಎಂದು ದಪ್ಪ ಮರ ತರುವುದು ಹೊಸಬರು ಮಾಡುವ ಮೊದಲ ದುಂದು. ತೊಲೆಯ ಬಿಗಿತ ಅದರ ದಪ್ಪಕ್ಕೆ ನೇರವಾಗಿ ಹೆಚ್ಚುತ್ತದೆ, ನಿಲ್ಲಿಸಿದ ಎತ್ತರಕ್ಕಾದರೆ ಘನದ ಲೆಕ್ಕದಲ್ಲಿ ಹೆಚ್ಚುತ್ತದೆ. 19 ಮಿ.ಮೀ. ದಪ್ಪದ ಪಟ್ಟಿಯನ್ನು 38ಕ್ಕೆ ಏರಿಸಿದರೆ ಬಿಗಿತ ಎರಡು ಪಟ್ಟು, ಮರವೂ ಎರಡು ಪಟ್ಟು. ಅದೇ 19 ಮಿ.ಮೀ. ಪಟ್ಟಿಯ ಎತ್ತರವನ್ನು 64ರಿಂದ 89 ಮಿ.ಮೀ.ಗೆ ಏರಿಸಿದರೆ ಬಿಗಿತ ಸುಮಾರು 2.7 ಪಟ್ಟು, ಹೆಚ್ಚಿಗೆ ಬೇಕಾಗುವ ಮರ ಅರ್ಧಕ್ಕಿಂತ ಕಡಿಮೆ. ತೆಳು ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಅದು ಪಕ್ಕಕ್ಕೆ ಬಳುಕದಂತೆ ಕಟ್ಟುವುದರಲ್ಲೇ ಇಡೀ ಕಸುಬು ಅಡಗಿದೆ.

ಹಾಗೆ ಕಟ್ಟುವ ಎರಡು ಪದ್ಧತಿ ಹೆಚ್ಚು ಬಳಕೆಯಲ್ಲಿವೆ. ಒಂದು ಚೌಕಜಾಲ: 19×89 ಮಿ.ಮೀ. ಪಟ್ಟಿಗಳಿಂದ ಆಯಾಕಾರದ ಚೌಕಟ್ಟು ಮಾಡಿ, ಒಳಗೆ 400 ಮಿ.ಮೀ.ಗೊಂದು ಅಡ್ಡಪಟ್ಟಿ ಕೂರಿಸಿ, ಮೇಲೆ ಪ್ಲೈವುಡ್ ಅಥವಾ 50 ಮಿ.ಮೀ. ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಫೋಮ್ ಹಾಸುವುದು. ಚಿಕ್ಕ ಲೇಔಟ್ (ಹಳಿ, ಗುಡ್ಡ, ನಿಲ್ದಾಣ ಸೇರಿದ ಇಡೀ ಮಾದರಿ), ಸಮತಟ್ಟು ನೆಲ, ಹೊತ್ತೊಯ್ದು ಬೇರೆಯವರದ್ದಕ್ಕೆ ಜೋಡಿಸುವ ತುಂಡು, ಅಂದರೆ ಮಾಡ್ಯೂಲ್, ಇವಕ್ಕೆ ಅದೇ ಸರಿ. ಅದರ ದೌರ್ಬಲ್ಯ ಮೂಲೆಗಳು: ಅಲ್ಲಿ ಸ್ಕ್ರೂ ಮರದ ತುದಿಗೆ, ಎಳೆಯ ಉದ್ದಕ್ಕೂ ನುಗ್ಗುತ್ತದೆ, ಹಿಡಿತ ಕಡಿಮೆ. ಪ್ರತಿ ಮೂಲೆಯ ಒಳಗೂ 38×38 ಮಿ.ಮೀ. ಗಟ್ಟಿಯೊಂದನ್ನು ಗೋಂದು ಹಾಕಿ ಕೂರಿಸಿ, ಎರಡೂ ಪಟ್ಟಿಗಳಿಂದ ಅದಕ್ಕೆ ಸ್ಕ್ರೂ ಹೊಡೆದರೆ ಆ ಕೊರತೆ ನೀಗುತ್ತದೆ.

ಇನ್ನೊಂದು ಎಲ್ ತೊಲೆ. 1960ರ ದಶಕದಲ್ಲಿ ಮಾಡೆಲ್ ರೈಲ್‌ರೋಡರ್ ಪತ್ರಿಕೆಯ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಜನಪ್ರಿಯಗೊಳಿಸಿದ ಪದ್ಧತಿ. ಎರಡು ಉದ್ದ ತೊಲೆ, ಅವುಗಳ ಮೇಲೆ ಅಡ್ಡಕ್ಕೆ ಜಂತೆ, ಜಂತೆಗೆ ಗುಜ್ಜು ಎಂಬ ಗಿಡ್ಡ ಕಂಬ, ಗುಜ್ಜಿನ ಮೇಲೆ ಹಳಿಯ ಹಲಗೆ. ಇಲ್ಲಿ ಜಂತೆ, ಹಲಗೆಗಳ ಸ್ಕ್ರೂಗಳೆಲ್ಲ ಕೆಳಗಿನಿಂದ ಮೇಲಕ್ಕೆ ಹೋಗುತ್ತವೆ. ಮೇಲೆ ಗುಡ್ಡ ಬೆಳೆದ ಮೇಲೂ ಕೆಳಗೆ ತೂರಿ ಜಂತೆಯೊಂದನ್ನು ಸಡಿಲಿಸಿ 50 ಮಿ.ಮೀ. ಪಕ್ಕಕ್ಕೆ ಸರಿಸಬಹುದು. ಏರಿಳಿತವಿರುವ, ವರ್ಷಗಟ್ಟಲೆ ಬದಲಾಗುತ್ತ ಹೋಗುವ ಮನೆಯ ಲೇಔಟಿಗೆ ಇದರಷ್ಟು ಅನುಕೂಲವಾದದ್ದು ಬೇರೆ ಇಲ್ಲ, ಆದ್ದರಿಂದ ಮುಂದಿನ ವಿವರವೆಲ್ಲ ಇದರದ್ದೇ.

ಅಳತೆ ನಿಗದಿ ಮಾಡುವಾಗ

ಅಗಲವನ್ನು ತೀರ್ಮಾನಿಸುವುದು ಕೈಯ ಉದ್ದ. ಒಂದೇ ಬದಿಯಿಂದ ಕೆಲಸ ಮಾಡುವುದಾದರೆ 600 ಮಿ.ಮೀ. ಆರಾಮ, 750 ಮಿತಿ. ಎರಡೂ ಬದಿಯಿಂದ ಕೈ ಹೋಗುವುದಾದರೆ 1200ರಿಂದ 1500. ಎತ್ತರ ಹೆಚ್ಚಿದಂತೆ ಈ ಅಳತೆ ಕುಗ್ಗುತ್ತದೆ. ಎದೆಮಟ್ಟದ ಲೇಔಟಿನಲ್ಲಿ 600 ಮಿ.ಮೀ. ಆಚೆಗಿನ ಪಾಯಿಂಟಿಗೆ ಕೈ ಚಾಚಿದರೆ ತೋಳು ಮುಂದಿನ ಸಿಗ್ನಲ್ ಕಂಬಗಳನ್ನು ಮುರಿದೇ ಹೋಗುತ್ತದೆ. ಅಂತರ ನಿಜವಾಗಿ ಎಷ್ಟು ಎಂದು ತಿಳಿಯಲು ಬೇಕಾದ ಎತ್ತರಕ್ಕೆ ರಟ್ಟಿನ ಪೆಟ್ಟಿಗೆ ಪೇರಿಸಿ, ಮೇಲೊಂದು ಹಲಗೆ ಇಟ್ಟು, ಹಿಂದಿನ ಅಂಚಿನಲ್ಲಿ ಒಂದು ಡಬ್ಬಿಯನ್ನು ಹಳಿಗೇರಿಸಿ ನೋಡಿ. ಐದು ನಿಮಿಷದ ಕೆಲಸ.

ಹಳಿಯ ಎತ್ತರ ಕೂತು ಓಡಿಸುವವರಿಗೆ 900ರಿಂದ 1000 ಮಿ.ಮೀ., ನಿಂತು ಓಡಿಸುವವರಿಗೆ 1100ರಿಂದ 1300. ಗುಂಪಿನ ಮಾಡ್ಯೂಲ್ ಜೊತೆ ಸೇರಿಸುವ ಆಲೋಚನೆ ಇದ್ದರೆ ಆ ಗುಂಪಿನ ಅಳತೆಯೇ ಅಂತಿಮ: ಎಚ್‌ಓಗಿಂತ ಚಿಕ್ಕದಾದ ಎನ್ ಸ್ಕೇಲಿನ ಎನ್‌ಟ್ರ್ಯಾಕ್ ಪದ್ಧತಿಯಲ್ಲಿ ನೆಲದಿಂದ 1016 ಮಿ.ಮೀ., ಎಚ್‌ಓ ಸ್ಕೇಲಿನ ಫ್ರೀ-ಮೋ ಪದ್ಧತಿಯಲ್ಲಿ 1270. ನಡೆದಾಡುವ ಓಣಿಗೆ 600 ಮಿ.ಮೀ.ಗಿಂತ ಕಡಿಮೆ ಬಿಡಬೇಡಿ. ಇಬ್ಬರು ಎದುರುಬದುರಾಗುವ ಕಡೆ 900 ಇರಲಿ.

ಕೋಣೆಯ ಸುಣ್ಣಬಣ್ಣ, ದೀಪ, ಪ್ಲಗ್ಗಿನ ಕೆಲಸವೆಲ್ಲ ಮೊದಲೇ ಮುಗಿಯಬೇಕು. ಅಡಿಗಟ್ಟು ನಿಂತ ಮೇಲೆ ಹಿಂದಿನ ಗೋಡೆಗೆ ಕೈ ಎಟುಕದು.

ಮರ

ಉದ್ದಕ್ಕೆ ಕಣ್ಣಳತೆ ಮಾಡದೆ ಒಂದು ಪಟ್ಟಿಯನ್ನೂ ಮನೆಗೆ ತರಬೇಡಿ. ಒಂದು ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಇನ್ನೊಂದು ತುದಿಯ ಕಡೆ ನೋಡಿದರೆ ದೋಷ ತಾನಾಗಿ ಕಾಣುತ್ತದೆ. ಚಪ್ಪಟೆ ಮುಖದ ಕಡೆಗೆ ಬಿಲ್ಲಿನಂತೆ ಬಾಗಿದ್ದರೆ ಸ್ವಲ್ಪ ಸಹಿಸಬಹುದು, ಸ್ಕ್ರೂ ಎಳೆದು ನೇರ ಮಾಡುತ್ತದೆ. ಅಂಚಿನ ಕಡೆಗೆ ಬಾಗಿದ್ದರೆ ತೊಲೆಗೆ ಬೇಡ. ತುಂಡು ಮಾಡಿ ಗುಜ್ಜಿಗೆ ಬಳಸಬಹುದು. ಹಗ್ಗದಂತೆ ತಿರುಚಿಕೊಂಡಿದ್ದರೆ ಬಿಟ್ಟು ಬನ್ನಿ. ತಿರುಚಿದ ಮರವನ್ನು ಯಾವ ಸ್ಕ್ರೂ ಕೂಡ ಬಗ್ಗಿಸಲಾರದು. ಅದೇ ಇಡೀ ಚೌಕಟ್ಟನ್ನು ತನ್ನ ಜೊತೆ ತಿರುಚುತ್ತದೆ. ಅಂಚಿಗೆ ಬಂದ ಗಂಟು, ಅಂಗೈಯಗಲದ ಗಂಟು ಇರುವ ಪಟ್ಟಿಗಳೂ ಬೇಡ.

ತಂದ ಮರವನ್ನು ಲೇಔಟ್ ನಿಲ್ಲುವ ಅದೇ ಕೋಣೆಯಲ್ಲಿ, ಪದರಗಳ ನಡುವೆ ಅಡ್ಡಕ್ಕೆ ರೀಪು ಇಟ್ಟು, ಗಾಳಿ ಆಡುವಂತೆ ಪೇರಿಸಿ ಎರಡು ವಾರ ಬಿಡಿ. ತೇವ ಅಳೆಯುವ ಮೀಟರ್ ಇದ್ದರೆ ಶೇ. 8ರಿಂದ 12ರ ನಡುವೆ ತೋರಿಸಬೇಕು, ಅದಕ್ಕಿಂತ ಮುಖ್ಯವಾಗಿ ಒಂದು ವಾರದ ಅಂತರದಲ್ಲಿ ಅಂಕೆ ಬದಲಾಗದೆ ನಿಲ್ಲಬೇಕು. ಬೇಸಿಗೆಯಲ್ಲಿ ರೈಲಿನ ಹಳಿ ಸೊಟ್ಟಗಾದರೆ ಜನ ಲೋಹ ಹಿಗ್ಗಿತು ಎನ್ನುತ್ತಾರೆ. 5 ಮೀಟರ್ ನಿಕಲ್ ಸಿಲ್ವರ್ ಹಳಿ 15 ಡಿಗ್ರಿ ಬಿಸಿಯೇರಿದರೆ ಹಿಗ್ಗುವುದು ಸುಮಾರು 1.3 ಮಿ.ಮೀ. ಅಷ್ಟನ್ನು ಹಳಿಯ ಸಂದುಗಳಲ್ಲಿ ಬಿಟ್ಟ ಎಡೆ ನುಂಗಿಕೊಳ್ಳುತ್ತದೆ. ಅಡ್ಡ ಎಳೆಯಲ್ಲಿ ಮರ ಕುಗ್ಗುವುದು ಇದಕ್ಕಿಂತ ದೊಡ್ಡ ತಲೆನೋವು: 89 ಮಿ.ಮೀ. ಅಗಲದ ಮೆದುಮರದ ಪಟ್ಟಿ ತೇವ ಶೇ. 4ರಷ್ಟು ಇಳಿದಾಗ ಹೆಚ್ಚುಕಡಿಮೆ 1 ಮಿ.ಮೀ. ಕಿರಿದಾಗುತ್ತದೆ. ಹಸಿ ಮರದಲ್ಲಿ ಕಟ್ಟಿ ಒಣಗಲು ಬಿಟ್ಟವರ ಸ್ಕ್ರೂಗಳೆಲ್ಲ ಆರು ತಿಂಗಳಲ್ಲಿ ಸಡಿಲವಾಗುವುದು ಹೀಗೆ.

ನೇರವಾದ ಮರ ಸಿಗದಿದ್ದರೆ 18 ಮಿ.ಮೀ. ಪ್ಲೈವುಡ್ ಸೀಳಿಸಿಕೊಳ್ಳಿ. 2440×1220 ಮಿ.ಮೀ. ಹಾಳೆಯೊಂದರಿಂದ, ಗರಗಸದ ಹಲ್ಲಿಗೆ 3 ಮಿ.ಮೀ. ಬಿಟ್ಟರೂ, 90 ಮಿ.ಮೀ. ಅಗಲದ 13 ಪಟ್ಟಿ ಬರುತ್ತವೆ. ಬಾಗುವುದಿಲ್ಲ, ತೇವಕ್ಕೆ ಅಷ್ಟಾಗಿ ಕದಲುವುದೂ ಇಲ್ಲ. ಆದರೆ ಅದರ ಅಂಚಿಗೆ ಸ್ಕ್ರೂ ಹೊಡೆದರೆ ಪದರ ಬಿರಿಯುತ್ತದೆ. ಎಲ್ಲ ಕಡೆ ಮರದ ಗಟ್ಟಿ ಇಟ್ಟು ಮುಖದ ಮೂಲಕವೇ ಹೊಡೆಯಬೇಕು. ಒಳಪದರದಲ್ಲಿ ಪೊಳ್ಳು ಕಾಣುವ ಹಾಳೆ ತೊಲೆಗೆ ನಾಲಾಯಕ್ಕು. ಎಂಡಿಎಫ್ ಮತ್ತು ಪಾರ್ಟಿಕಲ್ ಬೋರ್ಡನ್ನು ಮರೆತುಬಿಡಿ: ಭಾರ ಜಾಸ್ತಿ, ತನ್ನದೇ ತೂಕಕ್ಕೆ ನಿಧಾನವಾಗಿ ಜೋಲುತ್ತವೆ, ಪ್ಲಾಸ್ಟರ್ ಕೆಲಸದ ನೀರು ತಾಗಿದರೆ ಊದಿಕೊಳ್ಳುತ್ತವೆ.

ಒಂದು ಭಾಗಕ್ಕೆ ಬೇಕಾಗುವ ಸಾಮಾನು

2400 ಮಿ.ಮೀ. ಉದ್ದ, 750 ಮಿ.ಮೀ. ಅಗಲ, ಹಳಿಯ ಎತ್ತರ 1150 ಮಿ.ಮೀ. ಇರುವ ಒಂದು ಎಚ್‌ಓ ಭಾಗಕ್ಕೆ:

19×89 ಮಿ.ಮೀ. ಪಟ್ಟಿ, 2400 ಉದ್ದದ್ದು 2 (ತೊಲೆಯ ನಿಲುಪಟ್ಟಿ)
19×38 ಪಟ್ಟಿ, 2400 ಉದ್ದದ್ದು 2 (ತೊಲೆಯ ಮೇಲ್ಪಟ್ಟಿ)
19×64 ಪಟ್ಟಿ, 750 ಉದ್ದದ್ದು 7 (ಜಂತೆ)
38×38 ಮರ, 920 ಉದ್ದದ್ದು 4 (ಕಾಲು)
19×38 ಪಟ್ಟಿ, 900 ಉದ್ದದ್ದು 6 (ಓರೆಪಟ್ಟಿ), 650 ಉದ್ದದ್ದು 2 (ಕಾಲುಗಳ ನಡುವಿನ ಅಡ್ಡಪಟ್ಟಿ)
ಎಂ8 (8 ಮಿ.ಮೀ. ದಪ್ಪದ) ಬೋಲ್ಟು, 70 ಮಿ.ಮೀ. ಉದ್ದದ್ದು 8, ಪ್ರತಿಯೊಂದಕ್ಕೂ ಎರಡು ದೊಡ್ಡ ವಾಷರ್, ಒಂದು ನಟ್ಟು
ಮಟ್ಟ ಹೊಂದಿಸಲು ಎಂ8 ಟೀ ನಟ್ಟು (ಮರದೊಳಗೆ ಬಡಿದು ಕೂರಿಸುವ ನಟ್ಟು) ಮತ್ತು 75 ಮಿ.ಮೀ. ಬೋಲ್ಟು, ತಲಾ 4
8 ನಂಬರ್ ಸ್ಕ್ರೂ: 40 ಮಿ.ಮೀ.ದು 40, 45 ಮಿ.ಮೀ.ದು 20, 32 ಮಿ.ಮೀ.ದು 70, 25 ಮಿ.ಮೀ.ದು 50
ಪಿವಿಎ ಮರದ ಗೋಂದು, 12 ಮಿ.ಮೀ. ಪ್ಲೈವುಡ್

ಕಾಲಿನ 920 ಎಲ್ಲಿಂದ ಬಂತು ಎಂದರೆ, ಮೇಲಿನಿಂದ ಕಳೆಯುತ್ತ ಬರಬೇಕು. 1150ರಲ್ಲಿ ಹಳಿ ಮತ್ತು ಅದರಡಿ ಹಾಸುವ ಕಾರ್ಕಿಗೆ 10, ಪ್ಲೈವುಡ್ಡಿಗೆ 12, ಜಂತೆಯ ಮೇಲಿನ ಗುಜ್ಜಿನ ಎತ್ತರ 100, ಜಂತೆ 64, ಮೇಲ್ಪಟ್ಟಿ 19, ಕಾಲಡಿಯ ಬೋಲ್ಟು 25. ಉಳಿಯುವುದು 920. ಆ 100 ಮಿ.ಮೀ. ಗುಜ್ಜಿನ ಲೆಕ್ಕವನ್ನು ಅನೇಕರು ಬಿಟ್ಟುಬಿಡುತ್ತಾರೆ. ಆಮೇಲೆ ಹಳಿಗಿಂತ ಕೆಳಗೆ ಹೊಳೆ, ಕಣಿವೆ ಮಾಡಲು ಜಾಗವೇ ಇರುವುದಿಲ್ಲ.

ತೊಲೆ ಜೋಡಿಸುವುದು

89ರ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಅದರ ಮೇಲಂಚಿಗೆ 38ರ ಪಟ್ಟಿಯನ್ನು ಚಪ್ಪಟೆಯಾಗಿ ಮಲಗಿಸಬೇಕು. ಒಂದು ಬದಿ ಸರಿಸಮ, ಇನ್ನೊಂದು ಬದಿ 19 ಮಿ.ಮೀ. ಹೊರಚಾಚು. ತುದಿಯಿಂದ ನೋಡಿದರೆ ತಲೆಕೆಳಗಾದ ಎಲ್ ಅಕ್ಷರ. ಈ ಚಾಚಿದ ತುಟಿಯ ಮೂಲಕವೇ ಮುಂದೆ ಕೆಳಗಿನಿಂದ ಜಂತೆಗೆ ಸ್ಕ್ರೂ ಹೋಗುತ್ತದೆ. ನಿಲುಪಟ್ಟಿಯಲ್ಲಿ ಅಂಚಿನ ಬಾಗು ಸ್ವಲ್ಪ ಇದ್ದರೆ ಉಬ್ಬು ಮೇಲ್ಮುಖವಾಗಿರಲಿ, ಭಾರಕ್ಕೆ ಅದು ನೇರಕ್ಕೆ ಬರುತ್ತದೆ.

ಮೇಲ್ಪಟ್ಟಿಯಲ್ಲಿ 150 ಮಿ.ಮೀ.ಗೊಂದರಂತೆ 4.5 ಮಿ.ಮೀ. ತೂತು ಕೊರೆಯಿರಿ, ಅದರ ನೇರಕ್ಕೆ ನಿಲುಪಟ್ಟಿಯ ಅಂಚಿನಲ್ಲಿ 2.5 ಮಿ.ಮೀ. ಪೈಲಟ್ ತೂತು. ಎರಡು ಅಳತೆಯ ತೂತು ಯಾಕೆ ಎಂಬುದು ತಿಳಿದಿರಬೇಕು, ಯಾಕೆಂದರೆ ಇದನ್ನು ಬಿಟ್ಟರೆ ಇಡೀ ಕಟ್ಟಿನ ಬೆಸುಗೆಗಳೆಲ್ಲ ಸಡಿಲು. 8 ನಂಬರ್ ಸ್ಕ್ರೂವಿನ ದಪ್ಪ 4.2 ಮಿ.ಮೀ. ಅದರ ಮರೆ, ಅಂದರೆ ಮೈಮೇಲಿನ ಸುರುಳಿ ಏಣು, ಎರಡೂ ಪಟ್ಟಿಗಳನ್ನು ಒಟ್ಟಿಗೆ ಕಚ್ಚಿದರೆ, ನಡುವೆ ಇದ್ದ ಕೂದಲೆಳೆಯ ಬಿರುಕು ಹಾಗೇ ಉಳಿದುಬಿಡುತ್ತದೆ. ಎಷ್ಟು ತಿರುಗಿಸಿದರೂ ಮುಚ್ಚುವುದಿಲ್ಲ. ಮೇಲಿನ ಪಟ್ಟಿಯಲ್ಲಿ ಸ್ಕ್ರೂ ಸಲೀಸಾಗಿ ಜಾರಬೇಕು, ಕೆಳಗಿನದರಲ್ಲಿ ಮಾತ್ರ ಕಚ್ಚಬೇಕು. ಆಗ ಅದರ ತಲೆ ಎರಡನ್ನೂ ಒತ್ತಿ ಹಿಡಿಯುತ್ತದೆ.

ಗೋಂದನ್ನು ಅಂಚಿನ ಉದ್ದಕ್ಕೂ ಎಳೆದು, ಬೆರಳಿನಿಂದ ತೆಳ್ಳಗೆ ಸವರಿ, 40 ಮಿ.ಮೀ. ಸ್ಕ್ರೂಗಳನ್ನು ನಡುವಿನಿಂದ ತುದಿಗಳ ಕಡೆ ಬಿಗಿಯುತ್ತ ಹೋಗಿ. ಒಂದು ತೊಲೆಗೆ 17 ಸ್ಕ್ರೂ. ತಲೆಗಳು ಕೌಂಟರ್‌ಸಿಂಕ್ ಆಗಿ ಮರದೊಳಗೆ ಮುಳುಗಲೇಬೇಕು, ಅರ್ಧ ಮಿ.ಮೀ. ಉಬ್ಬಿದ್ದರೂ ಅದರ ಮೇಲೆ ಕೂತ ಜಂತೆ ತಕ್ಕಡಿಯಂತೆ ಓಲಾಡುತ್ತದೆ. ಬೇಕಾದರೆ ಗೋಂದು ಒಣಗಿದ ಮೇಲೆ ಸ್ಕ್ರೂಗಳನ್ನೇ ಕಿತ್ತುಕೊಳ್ಳಬಹುದು, ತೊಲೆಗೆ ಏನೂ ಆಗುವುದಿಲ್ಲ. 24 ಗಂಟೆ ಬಿಟ್ಟು ಮುಂದಿನ ಕೆಲಸ. ಇಡೀ ಅಡಿಗಟ್ಟಿನಲ್ಲಿ ಗೋಂದು ಬಳಸುವುದು ಈ ತೊಲೆಗೆ, ಪ್ಲೈವುಡ್ ಹಲಗೆಗಳ ಸಂದಿಗೆ, ಮೂಲೆಗಟ್ಟಿಗಳಿಗೆ ಮಾತ್ರ. ಉಳಿದದ್ದೆಲ್ಲ ಬಿಚ್ಚಲು ಬರಬೇಕು.

ಕಾಲು, ಓರೆಪಟ್ಟಿ

ಕಾಲುಗಳನ್ನು ತೊಲೆಯ ತುದಿಯಲ್ಲಿ ಕೊಡಬೇಡಿ. ಪ್ರತಿ ತುದಿಯಿಂದ ಉದ್ದದ ಐದನೇ ಒಂದು ಭಾಗ ಒಳಗೆ, ಅಂದರೆ ಇಲ್ಲಿ 480 ಮಿ.ಮೀ. ಒಳಗೆ ಕೊಡಿ. ತುದಿಗಳು ಹೊರಗೆ ಚಾಚಿಕೊಂಡಾಗ ಅವುಗಳ ಭಾರ ನಡುಭಾಗವನ್ನು ಮೇಲಕ್ಕೆತ್ತುತ್ತದೆ. ಸಮನಾಗಿ ಹರಡಿದ ಭಾರಕ್ಕೆ ನಡುವಿನ ಜೋಲು, ತುದಿಗಾಲು ಕೊಟ್ಟಾಗ ಇದ್ದದ್ದರ ಹತ್ತನೇ ಒಂದಕ್ಕಿಂತ ಕಡಿಮೆಯಾಗುತ್ತದೆ. ಒಂದು ರೂಪಾಯಿ ಹೆಚ್ಚಿಗೆ ಖರ್ಚಿಲ್ಲದ ಲಾಭ.

ತುಟಿಗಳು ಹೊರಮುಖವಾಗಿರುವಂತೆ ಎರಡು ತೊಲೆಗಳನ್ನೂ ಇಟ್ಟು, ಕಾಲನ್ನು ತುಟಿಯ ಕೆಳಗಿನ ಮೂಲೆಗೆ ಒತ್ತಿ ನಿಲ್ಲಿಸಿ. ಕಾಲಿನ ತಲೆ ಮೇಲ್ಪಟ್ಟಿಗೆ ತಾಗಿರಬೇಕು, ಭಾರ ಮರದಿಂದ ಮರಕ್ಕೇ ಇಳಿಯಬೇಕು; ಬೋಲ್ಟಿನ ಕೆಲಸ ಹಿಡಿದಿಡುವುದಷ್ಟೇ. ಒಂದು ಕಾಲಿಗೆ ಎರಡು ಎಂ8 ಬೋಲ್ಟು, ಒಂದರ ನೇರಕ್ಕೆ ಇನ್ನೊಂದು ಬಾರದಂತೆ ಓರೆಯಾಗಿ. ಒಂದೇ ಎಳೆಯ ಮೇಲೆ ಎರಡು ತೂತು ಬಿದ್ದರೆ ಮರ ಅದೇ ಗೆರೆಯಲ್ಲಿ ಸೀಳುತ್ತದೆ.

ತೊಲೆಗಳ ನಡುವಿನ ಅಂತರ ವಿಚಾರ ಮಾಡಬೇಕಾದ್ದು. ಜಂತೆಗೂ ಐದನೇ ಒಂದರ ಲೆಕ್ಕ ಹಾಕಿದರೆ 450 ಮಿ.ಮೀ. ಬರುತ್ತದೆ. ಆದರೆ 450 ಮಿ.ಮೀ. ಅಂತರದ ಕಾಲುಗಳ ಮೇಲೆ 1150 ಎತ್ತರದ ಕಟ್ಟು ನಿಂತರೆ, ಮುಂದಿನ ಅಂಚಿಗೆ ಯಾರಾದರೂ ಒರಗಿದಾಗ ಇಡೀ ಲೇಔಟ್ ಮಗುಚಬಹುದು. ಆದ್ದರಿಂದ ಅಂತರವನ್ನು 550ಕ್ಕೆ ಹಿಗ್ಗಿಸಿ, ಜಂತೆ ಎರಡೂ ಕಡೆ 100 ಮಿ.ಮೀ. ಮಾತ್ರ ಚಾಚುವಂತೆ ಮಾಡಿ, ಹಿಂದಿನ ತೊಲೆಯನ್ನು ಎರಡು ಕಡೆ ಗೋಡೆಗೆ ಬಿಗಿಯಿರಿ. ಗೋಡೆಗೂ ಮರಕ್ಕೂ ನಡುವೆ 20 ಮಿ.ಮೀ. ಗಟ್ಟಿ ಇಡುವುದು ಒಳ್ಳೆಯದು, ಗೋಡೆಯ ತೇವ ಮರಕ್ಕೆ ಏರುವುದಿಲ್ಲ.

ಓರೆಪಟ್ಟಿಯನ್ನು ಬಿಟ್ಟರೂ ನಡೆಯುತ್ತದೆ ಎನಿಸುವುದು ಮೊದಲ ವಾರ ಮಾತ್ರ. ಆಯಾಕಾರ ಎಷ್ಟು ಬಿಗಿದರೂ ಓಲುತ್ತದೆ, ತ್ರಿಕೋನ ಓಲುವುದಿಲ್ಲ. ಪ್ರತಿ ಕಾಲಿನಲ್ಲೂ ನೆಲದಿಂದ 300 ಮಿ.ಮೀ. ಎತ್ತರದಿಂದ ಹೊರಟು 45 ಡಿಗ್ರಿಯಲ್ಲಿ ಮೇಲೇರಿ ತೊಲೆಯ ನಿಲುಪಟ್ಟಿಗೆ, ನಡುಭಾಗದ ಕಡೆಗೆ ಸೇರುವ ಒಂದು ಓರೆಪಟ್ಟಿ. ಹೀಗೆ ಉದ್ದಕ್ಕೆ ನಾಲ್ಕು. ಅಡ್ಡಕ್ಕೆ, ಪ್ರತಿ ಜೋಡಿ ಕಾಲಿನ ನಡುವೆ ಕೆಳಗೊಂದು ಅಡ್ಡಪಟ್ಟಿ, ಅದರಿಂದ ಎದುರು ಕಾಲಿನ ತಲೆಯ ಕಡೆಗೆ ಒಂದು ಓರೆಪಟ್ಟಿ. ಪ್ರತಿ ತುದಿಗೂ 32 ಮಿ.ಮೀ.ದ ಎರಡು ಸ್ಕ್ರೂ. ನೆಲಕ್ಕೆ ತೀರ ಹತ್ತಿರ ಕಟ್ಟಿದರೆ ಕಾಲು ಎಡವುತ್ತದೆ, ಕೆಳಗೆ ಪೆಟ್ಟಿಗೆ ಇಡಲೂ ಆಗದು. ತೀರ ಮೇಲೆ ಕಟ್ಟಿದರೆ ಕಾಲಿನ ಕೆಳಭಾಗ ಬಳುಕುತ್ತದೆ.

ಕಾಲಿನ ತಳದಲ್ಲಿ 60 ಮಿ.ಮೀ. ಆಳದ ತೂತು ಕೊರೆದು, ಟೀ ನಟ್ಟನ್ನು ಎಪಾಕ್ಸಿ ಹಚ್ಚಿ ಬಡಿದು, ಬೋಲ್ಟು ತಿರುಗಿಸಿ. ಎಪಾಕ್ಸಿ ಇಲ್ಲದಿದ್ದರೆ ಕಟ್ಟನ್ನು ಎತ್ತಿದಾಗ ನಟ್ಟು ಉದುರಿ ಬೀಳುತ್ತದೆ. ಎಂ8 ಬೋಲ್ಟಿನ ಮರೆಯ ಅಂತರ 1.25 ಮಿ.ಮೀ., ಅಂದರೆ ಒಂದು ಪೂರ್ಣ ಸುತ್ತಿಗೆ ಅಷ್ಟು ಎತ್ತರ, ಕಾಲು ಸುತ್ತಿಗೆ 0.3 ಮಿ.ಮೀ. ಚಿಲ್ಲರೆ. ನೆಲ ಎಲ್ಲಿಯೂ ಪೂರ್ತಿ ಸಮವಿರುವುದಿಲ್ಲ. ಕೋಣೆಯಲ್ಲಿ ನೆಲ ಎಲ್ಲಿ ಅತಿ ಎತ್ತರವೋ ಅಲ್ಲಿಂದ ಅಳತೆ ಹಿಡಿಯಿರಿ; ಉಳಿದೆಡೆ ಬೋಲ್ಟನ್ನು ಹೊರಗೆ ಬಿಚ್ಚುತ್ತ ಬಂದರಾಯಿತು. ತಗ್ಗಿನಿಂದ ಶುರುಮಾಡಿದವರು ಕೊನೆಗೆ ಕಾಲು ಕೊಯ್ಯಬೇಕಾಗುತ್ತದೆ.

ಇಡೀ ಕೋಣೆಯ ಮಟ್ಟಕ್ಕೆ 600 ಮಿ.ಮೀ. ರಸಮಟ್ಟವೊಂದನ್ನೇ ನಂಬಬೇಡಿ, ಅದನ್ನು ಸರಿಸುತ್ತ ಹೋದಂತೆ ಸಣ್ಣ ತಪ್ಪು ಕೂಡಿ ದೊಡ್ಡದಾಗುತ್ತದೆ. ಲೇಸರ್ ಮಟ್ಟ ಇದ್ದರೆ ಸರಿ, ಇಲ್ಲವಾದರೆ ನೀರು ತುಂಬಿದ ಪಾರದರ್ಶಕ ಪೈಪು. ಅದು ಎಷ್ಟು ದೂರಕ್ಕೂ ಸುಳ್ಳು ಹೇಳುವುದಿಲ್ಲ, ಒಳಗೆ ಗಾಳಿಗುಳ್ಳೆ ಇಲ್ಲದಿದ್ದರೆ. ಮೂಲೆಗಳ ನೇರಕ್ಕೆ ಎರಡು ಕರ್ಣಗಳನ್ನು ಅಳೆಯಿರಿ, 2 ಮಿ.ಮೀ. ಒಳಗೆ ಸಮ ಬರಬೇಕು. ಎರಡು ಭಾಗ ಎಲ್ ಆಕಾರದಲ್ಲಿ ಸೇರುವ ಮೂಲೆಯಲ್ಲಿ 900-1200-1500 ಮಿ.ಮೀ. ತ್ರಿಕೋನ ಹಿಡಿದು ನೋಡಿದರೆ ಸಾಕು.

ಜಂತೆ

ಜಂತೆಗಳನ್ನು 400 ಮಿ.ಮೀ. ಅಂತರದಲ್ಲಿ ತೊಲೆಯ ಮೇಲೆ ಅಂಚಿನ ಮೇಲೆ ನಿಲ್ಲಿಸಿ, ಕೆಳಗಿನಿಂದ ತುಟಿಯ ಮೂಲಕ 45 ಮಿ.ಮೀ. ಸ್ಕ್ರೂ. ಪ್ರತಿ ದಾಟಿಗೆ ಒಂದೇ ಸಾಕು. ಜಂತೆ ಬರೀ 19 ಮಿ.ಮೀ. ದಪ್ಪವಿರುವುದರಿಂದ ಪೈಲಟ್ ತೂತು ನಡುಮಧ್ಯದಲ್ಲಿರಬೇಕು, ಪಕ್ಕಕ್ಕೆ ಸರಿದರೆ ಸ್ಕ್ರೂ ಮುಖ ಸೀಳಿಕೊಂಡು ಹೊರಬರುತ್ತದೆ. ಅಂತರ ಎಲ್ಲ ಕಡೆ ಒಂದೇ ಇರಬೇಕೆಂಬ ಹಟ ಬೇಡ. ಪಾಯಿಂಟುಗಳ ಸ್ಥಾನವನ್ನು ಮೊದಲೇ ಗುರುತು ಹಾಕಿ, ಅವುಗಳನ್ನು ಕೆಳಗಿನಿಂದ ಸರಿಸುವ ಮೋಟಾರಿಗೆ ಎರಡೂ ಬದಿ 50 ಮಿ.ಮೀ. ಬಿಟ್ಟು ಜಂತೆಯನ್ನು ಆಚೀಚೆ ಸರಿಸಿ. ಮೋಟಾರ್ ಬರುವ ಜಾಗದಲ್ಲೇ ಜಂತೆ ಕೂತಿರುವುದು ಈ ಹವ್ಯಾಸದಲ್ಲಿ ತಪ್ಪದೆ ನಡೆಯುವ ಅನಾಹುತ, ಎಲ್ ತೊಲೆಯಲ್ಲಿ ಮಾತ್ರ ಅದಕ್ಕೆ ಒಂದು ಸ್ಕ್ರೂವಿನ ಪರಿಹಾರವಿದೆ.

ತಂತಿಗಾಗಿ ಪ್ರತಿ ಜಂತೆಯಲ್ಲೂ 20 ಮಿ.ಮೀ. ತೂತೊಂದನ್ನು ಜೋಡಿಸುವ ಮೊದಲೇ ಕೊರೆದಿಡಿ. ಜಾಗ: ಎತ್ತರದ ಸರಿ ಮಧ್ಯ. ಬಾಗುವ ಪಟ್ಟಿಯಲ್ಲಿ ಒತ್ತಡ ಮೇಲಂಚು, ಕೆಳಂಚುಗಳಲ್ಲಿ ಹೆಚ್ಚು, ನಡುವೆ ಇಲ್ಲವೆನ್ನುವಷ್ಟು ಕಡಿಮೆ. ಕೆಳಂಚಿನಲ್ಲಿ ಕಚ್ಚು ಕೊಯ್ದರೆ 64ರ ಜಂತೆ 44ರ ಜಂತೆಯಾಯಿತೆಂದೇ ಲೆಕ್ಕ.

ಗುಜ್ಜು, ಹಳಿಯ ಹಲಗೆ

ಹಲಗೆಗೆ 12 ಮಿ.ಮೀ. ಪ್ಲೈವುಡ್, ಗುಜ್ಜುಗಳ ನಡುವೆ 400 ಮಿ.ಮೀ. ಮೀರದಿರಲಿ. ಒಂಟಿ ಹಳಿಗೆ 65ರಿಂದ 75 ಮಿ.ಮೀ. ಅಗಲದ ಪಟ್ಟಿ. ನಿಲ್ದಾಣ, ಯಾರ್ಡಿನ ಕೆಳಗೆ ಪೂರ್ತಿ ಹಾಳೆ. ಯಾರ್ಡ್ ಕಡ್ಡಾಯವಾಗಿ ಸಮತಟ್ಟು; ಲೋಹದ ಚಕ್ರದ ಡಬ್ಬಿಗಳು ಕಣ್ಣಿಗೆ ಕಾಣದ ಇಳಿಜಾರಿನಲ್ಲೂ ತಾವಾಗಿ ಹೊರಟುಬಿಡುತ್ತವೆ.

ಗುಜ್ಜೆಂದರೆ 19×64 ಪಟ್ಟಿಯ ತುಂಡು, ತಲೆಗೆ ಅಡ್ಡಲಾಗಿ 19×38ರ ತುಂಡುಪಟ್ಟಿ. ತುಂಡುಪಟ್ಟಿಯನ್ನು ಗುಜ್ಜಿಗೆ ಬಿಗಿದು, ಅದರ ಕೆಳಗಿನಿಂದ ಹಲಗೆಗೆ 25 ಮಿ.ಮೀ. ಸ್ಕ್ರೂ ಹೊಡೆಯಿರಿ. 19ಕ್ಕೆ 12 ಸೇರಿದರೆ 31. 32ರ ಸ್ಕ್ರೂ ಹಾಕಿದರೆ ಅದರ ಮೊನೆ ಕಾರ್ಕನ್ನು ಎತ್ತುತ್ತದೆ. ಗುಜ್ಜನ್ನು ಜಂತೆಯ ಮುಖಕ್ಕೆ ಮೊದಲು ಕ್ಲ್ಯಾಂಪಿನಲ್ಲಿ ಹಿಡಿದು, ಎತ್ತರ ಹೊಂದಿಸಿ, ಒಂದು ಸ್ಕ್ರೂ. ಹಲಗೆಯ ಅಡ್ಡಕ್ಕೆ ರಸಮಟ್ಟ ಇಟ್ಟು ಸರಿಮಾಡಿ, ಎರಡನೆಯ ಸ್ಕ್ರೂ. ಅಡ್ಡಕ್ಕೆ ವಾಲಿದ ಹಲಗೆಯಲ್ಲಿ ಡಬ್ಬಿಗಳು ತಿರುವಿನ ಒಳಬದಿಗೆ ಮಗುಚುತ್ತವೆ.

ಏರಿಗೆ ಶೇ. 2 ಎಂದರೆ ಮೀಟರಿಗೆ 20 ಮಿ.ಮೀ. ಒಂದು ಎಚ್‌ಓ ಹಳಿ ಇನ್ನೊಂದರ ಮೇಲೆ ದಾಟಬೇಕಾದರೆ ಕೆಳಹಳಿಯ ತಲೆಯಿಂದ ಸುಮಾರು 75 ಮಿ.ಮೀ. ಖಾಲಿ ಬೇಕು, ಹಲಗೆ, ಕಾರ್ಕು, ಹಳಿ ಸೇರಿ ಹತ್ತಿರ ಹತ್ತಿರ 100 ಮಿ.ಮೀ. ಏರಬೇಕು. ಶೇ. 2ರಲ್ಲಿ ಅದಕ್ಕೆ 5 ಮೀಟರ್, ಮೇಲೆ ಏರಿನ ಬುಡ, ತಲೆಗಳ ಮೆಲುಬಾಗಿಗೆ ಇನ್ನಷ್ಟು. ಆ ಮೆಲುಬಾಗು ತಾನಾಗಿ ಬರಲು ಒಂದು ಉಪಾಯವಿದೆ: ಏರು ಶುರುವಾಗುವಲ್ಲಿ ಹಲಗೆಯನ್ನು ಕತ್ತರಿಸಿ ಜೋಡಿಸಬೇಡಿ. ಸಮತಟ್ಟು ಹಾಳೆಯಿಂದಲೇ ಪಟ್ಟಿಯನ್ನು ಎರಡೂ ಬದಿ ಸೀಳಿ ಬಿಡಿಸಿ, ಬುಡ ಅಂಟಿಕೊಂಡಿರುವಂತೆಯೇ ಮೇಲಕ್ಕೆತ್ತಿ. ಇಲ್ಲಿ ಮಾತ್ರ 400ರ ಮಿತಿ ಮೀರಿ, ಮೊದಲ ಗುಜ್ಜು ಬುಡದಿಂದ 500 ಮಿ.ಮೀ. ಆಚೆ ಇರಲಿ. ನಡುವಿನ ಪ್ಲೈವುಡ್ ತನ್ನ ಗುಣಕ್ಕೆ ತಕ್ಕಂತೆ ನಯವಾಗಿ ಬಾಗುತ್ತದೆ. ಮುರಿದಂತೆ ಶುರುವಾಗುವ ಏರಿನಲ್ಲಿ ಕೊಂಡಿಗಳು ಕಳಚುತ್ತವೆ, ಉದ್ದ ಎಂಜಿನ್ನಿನ ನಡುಚಕ್ರಗಳು ಗಾಳಿಯಲ್ಲಿ ತೇಲುತ್ತವೆ.

ಎರಡು ಹಲಗೆ ಸೇರುವ ಸಂದು ಗುಜ್ಜುಗಳ ನಡುವೆ ಬರಲಿ, ಕೆಳಗೆ ಅದೇ ಅಗಲದ, 200 ಮಿ.ಮೀ. ಉದ್ದದ ಪ್ಲೈವುಡ್ ತೇಪೆಯನ್ನು ಗೋಂದು ಹಾಕಿ 22 ಮಿ.ಮೀ. ಸ್ಕ್ರೂಗಳಿಂದ ಬಿಗಿಯಿರಿ. ಒಣಗಿದ ಮೇಲೆ ಮೆಟ್ಟಿಲು ಉಳಿದಿದ್ದರೆ ಉಜ್ಜುಕಾಗದದಿಂದ 300 ಮಿ.ಮೀ. ಉದ್ದಕ್ಕೆ ಇಳಿಜಾರು ಮಾಡಿ. ಸಂದಿನ ಮೇಲೆ ಪಾಯಿಂಟ್ ಎಂದೂ ಬರಬಾರದು.

ಪ್ಲೈವುಡ್ಡಿನ ಎರಡೂ ಮುಖಕ್ಕೆ, ಅಂಚುಗಳಿಗೂ ಒಂದು ಕೈ ಬಣ್ಣ. ಮೇಲೆ ಮಾತ್ರ ಬಳಿದರೆ ಕೆಳಮುಖ ತೇವ ಕುಡಿದು ಹಲಗೆ ದೋಣಿಯಂತೆ ಬಾಗುತ್ತದೆ. ಫೋಮ್ ಹಾಸುವವರು ದ್ರಾವಕ ಇರುವ ಅಂಟನ್ನು ಹತ್ತಿರ ಸೇರಿಸಬಾರದು, ಫೋಮ್ ಕರಗಿ ಗುಳಿ ಬೀಳುತ್ತದೆ.

ಬಿಚ್ಚಿ ಸಾಗಿಸುವುದಾದರೆ

ಒಂದು ಭಾಗದ ಉದ್ದ 1800 ಮಿ.ಮೀ. ಮೀರದಿರಲಿ, ಬಾಗಿಲು, ಮೆಟ್ಟಿಲಿನ ತಿರುವು ಅಳೆದೇ ತೀರ್ಮಾನಿಸಿ. ಅಂಥ ಭಾಗಗಳ ತುದಿಯಲ್ಲಿ 18 ಮಿ.ಮೀ. ಪ್ಲೈವುಡ್ ತಟ್ಟೆ, ಎರಡು ತಟ್ಟೆಗಳನ್ನು ಕ್ಲ್ಯಾಂಪಿನಲ್ಲಿ ಒತ್ತಿ ಹಿಡಿದು ಒಟ್ಟಿಗೇ ತೂತು ಕೊರೆಯಬೇಕು. ಎಂ8 ಬೋಲ್ಟು ಬಿಗಿತಕ್ಕೆ ಮಾತ್ರ. ಹಳಿಗಳು ಪ್ರತಿ ಸಲ ಅದೇ ಜಾಗಕ್ಕೆ ಕೂರಲು ಲೋಹದ ಗೂಟ ಮತ್ತು ಅದರ ಬಳೆ ಬೇರೆ ಬೇಕು. ಬೋಲ್ಟು ತನ್ನ ತೂತಿನಲ್ಲಿ ಅರ್ಧ ಮಿ.ಮೀ. ಆಡುತ್ತದೆ, ಹಳಿಗೆ ಅಷ್ಟು ಸಾಕು ತಪ್ಪಲು.

ಹಳಿ ಹಾಕುವ ಮೊದಲು

ಮುಂದಿನ ಅಂಚಿನ ನಡುವೆ ಎರಡೂ ಮೊಣಕೈ ಊರಿ ಒರಗಿ. ಗೋಡೆಯ ಕಡೆ ಟಕ್ಕೆಂದು ಸದ್ದಾದರೆ ಗೋಡೆಯ ಹಿಡಿತ ಸಡಿಲ. ಒಂದು ತುದಿಯನ್ನು ಉದ್ದದ ದಿಕ್ಕಿಗೆ ಕೈಯಿಂದ ತಳ್ಳಿ. ಓಲಾಡಿದರೆ ಓರೆಪಟ್ಟಿಯ ಸ್ಕ್ರೂ ನೋಡಿ, ಪ್ರತಿ ತುದಿಗೆ ಎರಡು ಇವೆಯೇ ಎಂದು. ಒಂದೇ ಕಾಲಿನ ಕೆಳಗೆ ಕಾಗದದ ಚೂರು ಸಲೀಸಾಗಿ ತೂರಿದರೆ ಆ ಬೋಲ್ಟನ್ನು ಕಾಲು ಸುತ್ತು ಇಳಿಸಿ. ಹಲಗೆಯ ಮೇಲೆ 1 ಮೀಟರ್ ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಹಿಂದಿನಿಂದ ಟಾರ್ಚ್ ಬಿಡಿ. ಬೆಳಕಿನ ಗೆರೆ ಎಲ್ಲಿ ಕಾಣುತ್ತದೋ ಅಲ್ಲಿ ಗುಜ್ಜನ್ನು ಏರಿಸಬೇಕು ಅಥವಾ ಇಳಿಸಬೇಕು.

ಆಮೇಲೆ ಮೂರು ನಾಲ್ಕು ವಾರ ಏನೂ ಮಾಡದೆ ಬಿಡಿ, ಸಾಧ್ಯವಾದರೆ ಒಂದು ಹವಾಮಾನ ಬದಲಾಗುವ ತನಕ. ಕಾಯುವುದು ಕಷ್ಟ, ಎಲ್ಲರಿಗೂ ಗೊತ್ತು. ಅಷ್ಟರಲ್ಲಿ ತಂತಿಯ ಕೆಲಸ ನಡೆಸಬಹುದು. ಬಳಿಕ ಕೆಳಗೆ ಕೂತು ಎಲ್ಲ ಸ್ಕ್ರೂ, ಬೋಲ್ಟುಗಳಿಗೂ ಇನ್ನೊಂದು ಸುತ್ತು ಬಿಗಿ ಕೊಡಿ. ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿದ ಸ್ಕ್ರೂಗಳ ಪಕ್ಕ ಪೆನ್ಸಿಲ್ ಗುರುತು ಹಾಕಿ. ಮುಂದಿನ ಹವಾಮಾನ ಬದಲಾದಾಗ ಮೊದಲು ನೋಡಬೇಕಾದವು ಅವೇ.